ಗಡಿಗೆ ತೊಳೆದ ಅಳಿಯ

ಲಿಂಬೆಹಣ್ಣಿನ ಪರಿಮಳದ ಪಾತ್ರೆ ಸಾಬೂನಿನ ವಾಸನೆ ಬಂದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಮೊನ್ನೆ ಶಾಲೆಯಲ್ಲಿ ಹಾಗೇ ಆಯಿತು. ಕ್ರಿಸ್ಮಸ್ ರಜೆಗೆ ಮುಂಚೆ ಪ್ರಯೋಗಾಲಯದ ಗಾಜಿನ ಸಾಮಾನನ್ನೆಲ್ಲ ತೊಳೆದಿಡುವ ಕೆಲಸ ಪ್ರತಿ ವರ್ಷ ವಿಜ್ಞಾನದ ಮಾಸ್ತರನಾದ ನನ್ನ ಪಾಲಿಗೆ. ನಲ್ಲಿಯ ಕೆಳಗೆ ನೊರೆ ಎದ್ದಿತು, ವಾಸನೆ ಮೂಗಿಗೆ ಬಡಿಯಿತು, ಕೈಯಲ್ಲಿದ್ದ ಗಾಜಿನ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟೆ. ಮೊದಲು ಬಂದದ್ದು ನಾಚಿಕೆ. ಅದರ ಬೆನ್ನಿಗೇ ಕಾದ ಮಣ್ಣು, ಕಬ್ಬಿನ ಹಾಲು, ಹುರಿದ ಶೇಂಗಾ ಮೂರೂ ಬೆರೆತ ಇನ್ನೊಂದು ಘಮ ನೆನಪಾಗಿ ಒಬ್ಬನೇ ನಗತೊಡಗಿದೆ. ಪಕ್ಕದಲ್ಲಿದ್ದ ಗಣಿತದ ಮೇಡಮ್ "ಸರ್, ಆರಾಮದೀರಿಲ್ರಿ?" ಎಂದು ಕೇಳಿದರು. ಆರಾಮಕ್ಕೇನು ಕಡಿಮೆ? ನಾನು ಆಗ ಸಿದ್ದಾಪುರದ ಕಡೆಯ ಒಂದು ಅಡುಗೆಮನೆಯಲ್ಲಿ, ಆರು ವರ್ಷ ಹಿಂದಿನ ಚಳಿಗಾಲದಲ್ಲಿ, ಒಲೆಯ ಮುಂದೆ ಕೂತಿದ್ದೆ. ಅಲ್ಲಿ ಗೆದ್ದ ಹಾಗೆ ನಾನು ಬದುಕಿನಲ್ಲಿ ಇನ್ನೆಲ್ಲೂ ಗೆದ್ದಿಲ್ಲ.

ನಾನು ಹಾನಗಲ್ಲ ಕಡೆಯವನು. ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಬೆಳೆದವನು. ವಿನುತಾ ನಮ್ಮ ಶಾಲೆಗೆ ಕನ್ನಡ ಕಲಿಸಲು ಬಂದವಳು, ಸಿದ್ದಾಪುರದ ಹತ್ತಿರದ ಹಳ್ಳಿಯವಳು. ಒಬ್ಬರನ್ನೊಬ್ಬರು ಮೆಚ್ಚಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದೆವು. ನಮ್ಮಿಬ್ಬರ ಜಾತಿ ಬೇರೆ, ಮನೆಮಾತಿನ ಧಾಟಿ ಬೇರೆ, ಊಟವೂ ಬೇರೆ. ಎರಡೂ ಮನೆಯವರು ಕೂಗಾಡಲಿಲ್ಲ, ಬಾಗಿಲು ಹಾಕಲಿಲ್ಲ, ಸುಮ್ಮನಾದರು ಅಷ್ಟೆ. ಮದುವೆಯ ಸುದ್ದಿ ಹೇಳಿದಾಗ ವಿನುತಾಳ ಅಮ್ಮ ಫೋನಿನಲ್ಲಿ "ಅಡ್ಡಿಲ್ಲೆ" ಎಂದಿದ್ದರಂತೆ. ಆ ಮನೆಯಲ್ಲಿ ಹಾಲು ಒಡೆದರೂ ಅಡ್ಡಿಲ್ಲೆ, ಮಗಳು ಹೇಳದೆ ಮದುವೆಯಾದರೂ ಅಡ್ಡಿಲ್ಲೆ. ಯಾವುದಕ್ಕೆ ನಿಜವಾಗಿ ಅಡ್ಡಿಯಿಲ್ಲ, ಯಾವುದಕ್ಕೆ ಇದೆ ಎಂದು ಹೊರಗಿನವನಿಗೆ ತಿಳಿಯುವುದೇ ಇಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಮಾವ ವಾರಕ್ಕೊಮ್ಮೆ ಫೋನು ಮಾಡಿ ನನ್ನ ಹತ್ತಿರ ನಮ್ಮೂರಿನ ಬಿಸಿಲು ವಿಚಾರಿಸುತ್ತಿದ್ದರು. ಅತ್ತೆ ಮಗಳ ಹತ್ತಿರ ಮಾತ್ರ ಮಾತಾಡುತ್ತಿದ್ದರು. ನನ್ನ ಅವ್ವನಿಗೂ ಅತ್ತೆಗೂ ಒಂದೇ ಒಂದು ಮಾತೂ ನಡೆದಿರಲಿಲ್ಲ. ಅವ್ವನಿಗೆ ಅದೇ ಉರಿ. "ಅವರಿಗೆ ಬಾಯಿಲ್ಲೇನೋ? ಹುಡುಗನ ತಾಯಿ ಬದಕ್ಯಾಳೋ ಇಲ್ಲೋ ಅಂತ ಒಮ್ಮಿನರ ಕೇಳಬಾರದ?" ಎನ್ನುತ್ತಿದ್ದಳು. ನೀನೇ ಮೊದಲು ಮಾಡು ಎಂದರೆ, "ನಾ ಯಾಕ ಮಾಡ್ಲಿ? ಗಂಡಿನ ಕಡೆಯಾಕಿ ನಾ" ಎಂದು ಸೆರಗು ಕೊಡವುತ್ತಿದ್ದಳು.

ಆ ಡಿಸೆಂಬರಿನಲ್ಲಿ ಮಾವ ಫೋನು ಮಾಡಿ ಬಿಸಿಲಿನ ಸುದ್ದಿ ಬಿಟ್ಟು, "ಕ್ರಿಸ್ಮಸ್ ರಜೆಗೆ ಇಬ್ಬರೂ ಬನ್ನಿ. ನಿಮ್ಮತ್ತೆ ಕರೀಲೆ ಹೇಳಿದ್ಲು" ಎಂದರು. ವಿನುತಾ ಹಿಟ್ಟಿನ ಕೈಯಲ್ಲೇ ಫೋನು ಕಸಿದುಕೊಂಡಳು. ಮಾತು ಮುಗಿಸಿ ಬಂದು ನನಗೆ ಬಿಡಿಸಿ ಹೇಳಿದಳು. ಪ್ರತಿ ಚಳಿಗಾಲದ ರಜೆಯಲ್ಲಿ ಅವಳ ತವರಿನಲ್ಲಿ ಒಂದು ಭಾನುವಾರ ಶಿರಸಿ, ಯಲ್ಲಾಪುರದ ನೆಂಟರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಬಂದು ಸೇರುತ್ತಾರೆ. ಅತ್ತೆಯ ಕೈಯ ತೊಡದೇವು ಎಂಬ ತೆಳ್ಳನೆಯ ಸಿಹಿ ತಿಂಡಿ ತಿನ್ನುತ್ತಾರೆ, ಮನೆಗೊಂದು ಡಬ್ಬಿ ಒಯ್ಯುತ್ತಾರೆ. ನಮ್ಮ ಮದುವೆಯಾದ ಮೇಲೆ ಎರಡು ವರ್ಷ ಅತ್ತೆ ಯಾರನ್ನೂ ಕರೆದಿರಲಿಲ್ಲ. ಯಾರಾದರೂ ಬಾಯಿಬಿಟ್ಟು ಕೇಳಿದರೆ ಏನು ಹೇಳುವುದು ಎಂಬ ಸಂಕೋಚ. ಈ ವರ್ಷ ಎಲ್ಲರನ್ನೂ ಕರೆದಿದ್ದಾರೆ, ಜೊತೆಗೆ ನಮ್ಮನ್ನೂ. "ನಿಮ್ಮನ್ನ ನಾಲ್ಕು ಜನರ ಮುಂದೆ ನಮ್ಮ ಅಳಿಯ ಅಂತ ತೋರಿಸೋಕೆ ಹೊರಟಿದಾಳೆ ನನ್ನ ಆಯಿ. ಸ್ವಲ್ಪ ನೆಟ್ಟಗಿರಿ" ಎಂದು ವಿನುತಾ ಕಣ್ಣು ಒರೆಸಿಕೊಂಡಳು. ಅವಳಿಗೆ ಆಯಿ ಎಂದರೆ ಅಮ್ಮ.

ಹೊರಡುವ ದಿನ ಅವ್ವ ಐದು ಸೇರು ಶೇಂಗಾ ಚೀಲಕ್ಕೆ ತುಂಬಿ ನನ್ನ ಹೆಗಲಿಗೇರಿಸಿದಳು. "ಬರಿಗೈಲೆ ಹೋಗಬ್ಯಾಡ. ನನ್ನ ಹೆಸರು ಹೇಳೂದೇನು ಬ್ಯಾಡ" ಎಂದಳು. ಹೇಳು ಎಂದೇ ಅದರ ಅರ್ಥ ಎಂಬುದು ನನಗೆ ಗೊತ್ತಿತ್ತು.

ಎಕ್ಕಂಬಿ ದಾಟುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಬರುವ ಗಾಳಿಯ ಗುಣವೇ ಬದಲಾಯಿತು. ಶಿರಸಿಯಲ್ಲಿ ಬಸ್ಸು ಬದಲಿಸಿ, ಸಿದ್ದಾಪುರದ ಹಾದಿಯಲ್ಲಿ ಇಳಿದು ಅರ್ಧ ಮೈಲಿ ನಡೆದೆವು. ಮನೆಯವರು ಚಳಿಗಾಲದ ತಯಾರಿಯಲ್ಲಿ ಮುಳುಗಿದ್ದರು. ಅಂಗಳ ಕೆತ್ತಿ, ಮಟ್ಟ ಮಾಡಿ, ಸಗಣಿ ಸಾರಿಸಿಯಾಗಿತ್ತು. ಕಂಬಳಿ, ಹಾಸಿಗೆಗಳೆಲ್ಲ ಬಿಸಿಲಿಗೆ ಬಿದ್ದಿದ್ದವು. ಖಾಲಿ ಬಿಸ್ಕತ್ತಿನ ಡಬ್ಬಿಗಳು ಅಂಗಳದ ತುದಿಯಲ್ಲಿ ಸಾಲಾಗಿ ಬಾಯಿ ತೆರೆದು ಕೂತಿದ್ದವು. ಪಕ್ಕದ ಮನೆಯವರು ರಜೆಗೆ ಬರುವ ಮಕ್ಕಳಿಗಾಗಿ ಆ ವರ್ಷ ಕಬ್ಬು ಅರೆಯುವ ಆಲೆಮನೆಯನ್ನು ಬೇಗ ಹೂಡಿದ್ದರಿಂದ, ಬೆಲ್ಲ ಕುದಿಯುವ ವಾಸನೆ ಬೇಲಿ ಹಾರಿ ಬರುತ್ತಿತ್ತು.

ಅತ್ತೆ ಬಾಗಿಲಿಗೆ ಬಂದು, "ಬನ್ನಿ, ಪ್ರಯಾಣ ಸುಖವಾಯ್ತಾ?" ಎಂದರು. ಅದು ನನಗಾಗಿ ಪೆಟ್ಟಿಗೆಯಿಂದ ತೆಗೆದ ಪುಸ್ತಕದ ಕನ್ನಡ. ಮಗಳ ಜೊತೆ ಅವರಾಡುವ ಭಾಷೆಯೇ ಬೇರೆ. ಶೇಂಗಾ ಚೀಲ ಕೊಟ್ಟು "ನಮ್ಮವ್ವ ಕಳಿಸ್ಯಾಳ್ರಿ" ಎಂದೆ. "ಇಷ್ಟೆಲ್ಲ ಯಾಕೆ ತಂದಿರಿ" ಎಂದು ಅದನ್ನು ಅಟ್ಟದ ಏಣಿಯ ಕೆಳಗೆ ಇಡಿಸಿದರು. ಮೂರು ದಿನ ಅದು ಅಲ್ಲೇ ಇತ್ತು. ನಾನೂ ಮೂರು ದಿನ ಜಗುಲಿಯ ಕುರ್ಚಿಯಲ್ಲೇ ಇದ್ದೆ.

ನನಗೆ ಆ ಮನೆಯಲ್ಲಿ ಯಾವುದಕ್ಕೂ ಕೊರತೆಯಾಗಲಿಲ್ಲ ಎಂಬುದೇ ಕಷ್ಟವಾಗಿತ್ತು. ಕೂತಲ್ಲಿಗೆ ಚಹಾ, ಕೂತಲ್ಲಿಗೆ ಅವಲಕ್ಕಿ. ಬಕೆಟ್ಟು ಎತ್ತಲು ಹೋದರೆ ಮಾವ ಓಡಿಬಂದು, "ಛೇ ಛೇ, ನೀವು ಕೂತ್ಕಳಿ" ಎನ್ನುತ್ತಿದ್ದರು. ಊಟ ನಡುಮನೆಯಲ್ಲಿ, ಬಾಳೆಲೆಯಲ್ಲಿ. ಅಡುಗೆಮನೆಯ ಹೊಸ್ತಿಲು ಅಲ್ಲಿಂದ ಎಂಟು ಹೆಜ್ಜೆ. ಒಳಗೆ ಬರಬೇಡಿ ಎಂದು ಯಾರೂ ಅನ್ನಲಿಲ್ಲ. ಬನ್ನಿ ಎಂದೂ ಅನ್ನಲಿಲ್ಲ. ವಿನುತಾ ಒಳಗೆ ಅಮ್ಮನ ಜೊತೆ ಅಕ್ಕಿ ಆರಿಸುತ್ತ ನಗುವುದು ಕೇಳುತ್ತಿತ್ತು. ನಾನು ಅದೇ ದಿನಪತ್ರಿಕೆಯನ್ನು ನಾಲ್ಕನೇ ಸಲ ಓದುತ್ತಿದ್ದೆ. ಸೋಮಾರಿತನ ನನಗೆ ಒಗ್ಗುವುದಿಲ್ಲ. ನಮ್ಮವ್ವ ಹಾಗೆ ಬೆಳೆಸಿಲ್ಲ. ಈ ಮನೆಗೆ ಒಂದಾದರೂ ಉಪಕಾರ ಮಾಡಿಯೇ ಹೋಗಬೇಕು ಎಂದು ಶುಕ್ರವಾರ ಬೆಳಿಗ್ಗೆ ಹಟ ತೊಟ್ಟೆ.

ಉಪಕಾರ ಮಾಡಲು ಒಂದು ಗಡಿಗೆ ಸಿಕ್ಕಿತು.

ಹಿತ್ತಲ ಬಚ್ಚಲಿನ ಕಟ್ಟೆಯ ಮೇಲೆ, ತೊಳೆಯಲಿಟ್ಟ ಪಾತ್ರೆಗಳ ಪಕ್ಕದಲ್ಲೇ, ದುಂಡು ಹೊಟ್ಟೆಯ ಮಣ್ಣಿನ ಗಡಿಗೆಯೊಂದು ಬೋರಲಾಗಿ ಕೂತಿತ್ತು. ಅಷ್ಟು ಕೊಳಕು ಪಾತ್ರೆಯನ್ನು ನಾನು ಕಂಡಿರಲಿಲ್ಲ. ಹೊರಮೈಯೆಲ್ಲ ಎಣ್ಣೆ, ಹೊಗೆ ಸೇರಿ ಕಪ್ಪಗೆ ಹೊಳೆಯುತ್ತಿತ್ತು, ಮುಟ್ಟಿದರೆ ಬೆರಳು ಜಾರುತ್ತಿತ್ತು. ಅಟ್ಟದಿಂದ ಈಗಷ್ಟೇ ಇಳಿಸಿದ್ದರಿಂದ ಹುಲ್ಲು ಅಂಟಿಕೊಂಡಿತ್ತು. ಅತ್ತೆ ಆಲೆಮನೆಗೆ ಕಬ್ಬಿನ ಹಾಲು ತರಲು ಹೋಗಿದ್ದರು, ಮಾವ ಪೇಟೆಗೆ, ವಿನುತಾ ಸ್ನಾನಕ್ಕೆ. ನಾನು ತೋಳೇರಿಸಿದೆ. ತೆಂಗಿನ ನಾರು, ಬೂದಿ, ಆಮೇಲೆ ವಿನುತಾ ಹಾನಗಲ್ಲಿನಿಂದ ತಂದಿದ್ದ ಲಿಂಬೆ ಪರಿಮಳದ ಸಾಬೂನು. ಒಂದು ತಾಸು ಬಿಡದೆ ಉಜ್ಜಿದೆ. ಕಪ್ಪು ನೀರು ಹರಿದು ಹರಿದು, ಕೊನೆಗೆ ಕೆಂಪು ಮಣ್ಣು ಕಂಡಾಗ ಆದ ಸಂತೋಷ ಹೇಳತೀರದು. ಗಡಿಗೆಯನ್ನು ಅಂಗಳದ ನಡುವೆ, ಎಲ್ಲರಿಗೂ ಕಾಣುವ ಹಾಗೆ, ಬಿಸಿಲಿಗಿಟ್ಟು ಕೈ ಒರೆಸಿಕೊಂಡೆ.

ಅತ್ತೆ ಕಬ್ಬಿನ ಹಾಲಿನ ಕೊಡ ಹಿಡಿದು ಬಂದವರು ಅಂಗಳದಲ್ಲಿ ನಿಂತರು. ಕೊಡ ಇಳಿಸಿದರು. ಒಳಗೆ ನೋಡಿ ಕೂಗಿದರು.

"ವಿನುತಾ, ಗಡಿಗೆ ಯಾರೇ ತೊಳದ್ದು?"

ವಿನುತಾ ತಲೆಗೆ ಟವೆಲು ಸುತ್ತಿಕೊಂಡೇ ಓಡಿಬಂದಳು. "ಆನಲ್ಲ ಆಯಿ" ಎಂದವಳು ನನ್ನ ಒದ್ದೆ ತೋಳು ನೋಡಿದಳು. ನಾನು ಇನ್ನೂ ಹೊಗಳಿಕೆಗೆ ಕಾಯುತ್ತಿದ್ದೆ. "ನಾನೇ. ಭಾಳ ಹೊಲಸಾಗಿತ್ತು" ಎಂದೆ.

ಅತ್ತೆ ನನ್ನ ಮುಖ ನೋಡಲಿಲ್ಲ. ಗಡಿಗೆಯ ಬೆನ್ನ ಮೇಲೆ ಅಂಗೈ ಆಡಿಸಿ, ಮೂಸಿ ನೋಡಿ, "ಅಡ್ಡಿಲ್ಲೆ" ಎಂದು ಒಳಗೆ ಹೋದರು. ಈ ಸಲದ ಅಡ್ಡಿಲ್ಲೆಗೆ ಏನರ್ಥ ಎಂದು ನನಗೂ ತಿಳಿಯಿತು.

ವಿನುತಾ ಹಲ್ಲು ಕಚ್ಚಿ ಬಿಡಿಸಿ ಹೇಳಿದಳು. ತೊಡದೇವು ಕಾವಲಿಯ ಮೇಲೆ ಆಗುವ ತಿಂಡಿಯಲ್ಲ. ಈ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಾದ ಬೆನ್ನಿನ ಮೇಲೆ ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆ ಕಟ್ಟಿದ ಕೋಲಿನಿಂದ ತೆಳ್ಳಗೆ ತೊಡೆಯುತ್ತಾರೆ. ಕ್ಷಣದಲ್ಲಿ ಅದು ಕಾಗದದಂಥ ಹಾಳೆಯಾಗಿ ಏಳಬೇಕು. ಏಳುವುದು ಮಣ್ಣು ಎಣ್ಣೆ ಕುಡಿದು ಪಳಗಿದ್ದರೆ ಮಾತ್ರ. ಈ ಗಡಿಗೆ ಅತ್ತೆಗೆ ಅವರ ಅತ್ತೆಯಿಂದ ಬಂದದ್ದು. ನಾನು ಒಂದು ತಾಸಿನಲ್ಲಿ ಉಜ್ಜಿ ತೆಗೆದದ್ದು ಕೊಳೆಯಲ್ಲ, ಎರಡು ತಲೆಮಾರಿನ ಪಳಗಿಕೆ. "ನಿಮಗೆ ಯಾರು ತೊಳೀರಿ ಅಂದ್ರು?" ಎಂದು ಕೇಳಿದಳು. ಯಾರೂ ಅಂದಿರಲಿಲ್ಲ. ನೀರು, ಸಾಬೂನು, ಸ್ವಚ್ಛತೆ ಎಂದು ಎಂಟನೇ ತರಗತಿಗೆ ವರ್ಷವಿಡೀ ಬೋಧಿಸಿದ ಚಟ ನನ್ನ ಕೈಗೆ ಇಳಿದಿತ್ತು ಅಷ್ಟೆ.

ಮಧ್ಯಾಹ್ನ ಅತ್ತೆ ಒಲೆ ಹೂಡಿ ನೋಡಿದರು. ನಾನು ನಡುಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಹಿಟ್ಟು ತೊಡೆದ ಸದ್ದು, ಆಮೇಲೆ ಚಾಕುವಿನಿಂದ ಕೆರೆಯುವ ಸದ್ದು. ಮತ್ತೆ ತೊಡೆದದ್ದು, ಮತ್ತೆ ಕೆರೆದದ್ದು. "ಏಳ್ತೇ ಇಲ್ಲೆ" ಎಂದು ಅತ್ತೆ ಸಣ್ಣ ದನಿಯಲ್ಲಿ ಹೇಳಿದರು. ವಿನುತಾ ಚೂರೊಂದನ್ನು ತಂದು ನನ್ನ ಬಾಯಿಗೆ ಹಾಕಿದಳು. ಲಿಂಬೆ ಸಾಬೂನಿನ ರುಚಿ ಸ್ಪಷ್ಟವಾಗಿತ್ತು.

ಮಾವ ಪೇಟೆಯಿಂದ ಬಂದು, "ಹೋದ್ರೆ ಹೋತು, ಹೊಸ ಗಡಿಗೆ ತಂದ್ರಾತು" ಎಂದು ಸಮಾಧಾನ ಹೇಳಿದರು. ಹೊಸ ಗಡಿಗೆ ಪಳಗುವುದಕ್ಕೆ ಒಂದು ಚಳಿಗಾಲವೇ ಬೇಕು ಎಂಬುದು ಅವರಿಗೂ ಗೊತ್ತಿತ್ತು. ನಡುವೆ ಉಳಿದದ್ದು ಶನಿವಾರ ಒಂದೇ. "ನೆಂಟ್ರಿಗೆ ಎಂತ ಹೇಳ್ಲಿ?" ಎಂದರು ಅತ್ತೆ. ಯಲ್ಲಾಪುರದಿಂದ ಅವರ ಅಕ್ಕ ಬರುವವರಿದ್ದರು. ನಮ್ಮ ಮದುವೆಯಾದಾಗ, ಆ ಕಡೆಯವರಿಗೆ ನಮ್ಮ ರೀತಿನೀತಿ ತಿಳಿಯುವುದಿಲ್ಲ, ನೋಡುತ್ತಿರು, ಎಂದು ತಂಗಿಗೆ ಹೇಳಿಹೋಗಿದ್ದ ದೊಡ್ಡಮ್ಮ. ಎರಡು ವರ್ಷ ಧೈರ್ಯ ಕೂಡಿಸಿಕೊಂಡು ಅತ್ತೆ ಮನೆತುಂಬ ಜನ ಕರೆದಿದ್ದರು. ಆ ದೊಡ್ಡಮ್ಮನ ಮಾತನ್ನು ನಾನು ನಾರು ಹಿಡಿದು ನಿಜ ಮಾಡಿಟ್ಟಿದ್ದೆ. ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ.

ಗೇಟಿನ ಹತ್ತಿರ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ಹೋಗಿ ಅವ್ವನಿಗೆ ಫೋನು ಹಚ್ಚಿದೆ. ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಶುರುವಾಯಿತು.

"ಅಯ್ಯ, ನಿನ್ನ ಶಾಣ್ಯಾತನಕ್ಕ ಬೆಂಕಿ ಹಾಕ! ಮಣ್ಣಿನ ಹಂಚಿಗೆ ಯಾರರ ಸಬಕಾರ ಹಚ್ತಾರೇನೋ? ಮನ್ಯಾಗ ನಾ ರೊಟ್ಟಿ ಹಂಚು ಹೆಂಗ ಒರಸ್ತೀನಿ ನೋಡಿಲ್ಲೇನು? ಅದ್ರಾಗ ಬೀಗರ ಮನೀ ಗಡಿಗಿ!"

"ಆಗಿದ್ದು ಆಗೇತವ್ವಾ. ಈಗೇನರ ಮಾಡಾಕ ಬರ್ತೈತೇನು?"

"ಬರ್ತೈತಿ. ಆದ್ರ ನಿನಗ ಹೇಳೂದಿಲ್ಲ. ನಿನ್ನ ಕೈಯಾಗ ಕೊಟ್ರ ಇನ್ನೊಂದು ಹಾಳ ಮಾಡ್ತಿ. ಫೋನ್ ಅವ್ರಿಗೆ ಕೊಡು."

ಅವರಿಗೆ ಎಂದರೆ ಯಾರಿಗೆ ಎಂದು ನಾನು ಕೇಳಲಿಲ್ಲ. ಹೋಗಿ ಅಡುಗೆಮನೆಯ ಹೊಸ್ತಿಲಿನ ಹೊರಗೆ ನಿಂತು, "ಅತ್ತೆ, ನಮ್ಮವ್ವ ನಿಮ್ಮ ಜೋಡಿ ಮಾತಾಡಬೇಕಂತ್ರಿ" ಎಂದೆ. ಅತ್ತೆ ಒಲೆಯ ಮುಂದಿನಿಂದ ತಲೆಯೆತ್ತಿ ನೋಡಿದರು. ಎರಡು ವರ್ಷದ ಬಿಗುಮಾನ, ಭಾನುವಾರದ ಭಯ, ಕೆರೆದು ಗುಡ್ಡೆ ಹಾಕಿದ ಹಿಟ್ಟು ಎಲ್ಲ ಅವರ ಮುಖದಲ್ಲಿತ್ತು. ಸೆರಗಿಗೆ ಕೈ ಒರೆಸಿಕೊಂಡು ಗೇಟಿನ ತನಕ ನಡೆದು ಬಂದರು. ನಾನು ಅವ್ವನಿಗೆ ಮತ್ತೆ ಫೋನು ಹಚ್ಚಿ, ಸ್ಪೀಕರ್ ಒತ್ತಿ ಅವರ ಮುಂದೆ ಹಿಡಿದೆ.

"ನಮಸ್ಕಾರ್ರಿ ಬೀಗಿತ್ತಿ" ಎಂದಳು ಅವ್ವ. ಹೊಲದ ಆ ತುದಿಯಲ್ಲಿರುವವರನ್ನು ಕರೆಯುವಷ್ಟು ದೊಡ್ಡ ದನಿ. "ನನ್ನ ಮಗ ದಡ್ಡ ಅದಾನ್ರಿ. ಹೊಟ್ಟ್ಯಾಗ ಹಾಕ್ಕೋರಿ."

"ಇಲ್ಲ ಇಲ್ಲ, ಹಾಗೆಂತ ಇಲ್ಲ, ಗೊತ್ತಿಲ್ಲದೆ..." ಎಂದು ಅತ್ತೆ ತಡವರಿಸಿದರು.

"ಗೊತ್ತಿಲ್ಲಂದ್ರ ಕೇಳಬೇಕ್ರಿ! ಇರ್ಲಿ. ಸಬಕಾರ ಮಣ್ಣಿನ ಹೊಟ್ಟ್ಯಾಗ ಇಳದಿರ್ತೈತಿ, ನೀರ್ ಹಾಕಿದ್ರ ಹೋಗೂದಿಲ್ಲ. ಕುಳ್ಳಿನ ಸಣ್ಣ ಉರ್ಯಾಗ ಇಟ್ಟು ಸುಡ್ರಿ. ವಾಸನಿ ಹೋಗೂತನಕ. ಆಮ್ಯಾಲೆ ತನ್ನಷ್ಟಕ್ಕ ಆರ್ಲಿ, ಅವಸರ ಮಾಡಿದ್ರ ಸೀಳ್ತೈತಿ. ನಾ ಕಳಿಸಿದ ಶೇಂಗಾ ಐತೇನ್ರಿ?"

ಅತ್ತೆ ನನ್ನ ಕಡೆ ನೋಡಿದರು. ಚೀಲ ಇನ್ನೂ ಏಣಿಯ ಕೆಳಗೆ, ಬಾಯಿ ಬಿಚ್ಚದೆ ಬಿದ್ದಿತ್ತು. "ಇದೆ ಇದೆ" ಎಂದರು ಅವಸರದಿಂದ.

"ಹಾಂ. ಅದನ್ನ ಹುರದು, ಕುಟ್ಟಿ, ಅರಿವ್ಯಾಗ ಗಂಟ ಕಟ್ಟ್ರಿ. ಕಾದ ಮಣ್ಣಿಗೆ ಉಜ್ಜಿದ್ರ ಎಣ್ಣಿ ತಾನ ಬಿಡ್ತೈತಿ, ಮಣ್ಣು ಕುಡೀತೈತಿ. ಉಜ್ಜೂದು, ಒರಸೂದು, ಮತ್ತ ಉಜ್ಜೂದು. ಕೈ ಸೋಲಬೇಕು. ನಿಮ್ಮ ಕೈ ಯಾಕ ಸೋಲಸ್ತೀರಿ, ಅವನ ಕಡೆ ಮಾಡಸ್ರಿ. ಕೆಡಿಸಿದಾಂವ ಅವನ."

ಅತ್ತೆ ನಕ್ಕರು. ನಾನು ಆ ಮನೆಗೆ ಬಂದ ಮೇಲೆ ನನ್ನೆದುರು ಅವರು ನಕ್ಕದ್ದು ಅದೇ ಮೊದಲು. ಆಮೇಲೆ ಅವರೇ ಫೋನು ತೆಗೆದುಕೊಂಡು, ಸ್ಪೀಕರ್ ಇದ್ದರೂ ಕಿವಿಗೆ ಒತ್ತಿಕೊಂಡು, ಗೇಟಿಗೆ ಒರಗಿ ನಿಂತರು. ರೊಟ್ಟಿಯ ಹಂಚು ಎಷ್ಟು ವರ್ಷದ್ದು, ಅಲ್ಲಿ ಚಳಿ ಎಷ್ಟಿದೆ, ಮಂಡಿನೋವಿಗೆ ಏನು ಹಚ್ಚುತ್ತೀರಿ ಎಂದು ಮಾತು ಗಡಿಗೆ ದಾಟಿ ಎಲ್ಲೆಲ್ಲೋ ಹೋಯಿತು. ನಾನೂ ವಿನುತಾಳೂ ಅಂಗಳದಲ್ಲಿ ಕಂಬಳಿ ಮಡಚುವ ನಾಟಕ ಮಾಡುತ್ತ ಕೇಳಿಸಿಕೊಂಡೆವು. ಒಂದೇ ಕಂಬಳಿಯನ್ನು ಮೂರು ಸಲ ಮಡಚಿದೆವು. ನನಗೆ ಅಲ್ಲೇ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ.

ಶನಿವಾರ ಬೆಳಗಿನ ಮಂಜು ಕರಗುವ ಮೊದಲೇ ಹಿತ್ತಲಲ್ಲಿ ಸಗಣಿಯ ಕುಳ್ಳು ಒಟ್ಟಿ, ನಡುವೆ ಗಡಿಗೆ ಇಟ್ಟು ಉರಿ ಹಾಕಿದೆವು. ಈ ಸಲ ಮಾವ ನನಗೆ ಕುರ್ಚಿ ತರಲಿಲ್ಲ. ಕುಕ್ಕರುಗಾಲಲ್ಲಿ ಇಬ್ಬರೂ ಬೆಂಕಿ ಕಾಯುತ್ತ ಕೂತೆವು. ಮೊದಲು ಲಿಂಬೆಯ ವಾಸನೆ ಬಂತು, ಆಮೇಲೆ ಸುಟ್ಟ ಲಿಂಬೆಯದು, ಆಮೇಲೆ ಬರಿಯ ಮಣ್ಣಿನದು. ನಡುವೆ ಒಮ್ಮೆ 'ಟಕ್' ಎಂದಿತು. ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಮಾವ ಕೋಲಿನಿಂದ ಬೂದಿ ಸರಿಸಿ ಸುತ್ತಲೂ ಬಗ್ಗಿ ನೋಡಿ, "ಅಡ್ಡಿಲ್ಲೆ, ಕಲ್ಲು ಸಿಡದ್ದು" ಎಂದರು. ಇದು ನಿಜವಾದ ಅಡ್ಡಿಲ್ಲೆ.

ಗಡಿಗೆ ಆರುವುದಕ್ಕೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಅತ್ತೆ ಏಣಿಯ ಕೆಳಗಿನ ಚೀಲ ಬಿಚ್ಚಿ, ಶೇಂಗಾ ಹುರಿದು, ಒರಳಿನಲ್ಲಿ ಕುಟ್ಟಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದ್ದರು. ನಾನು ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಅಭ್ಯಾಸಬಲ. ಅತ್ತೆ ಒಲೆಗೆ ದರಕು, ಎಂದರೆ ಒಣಗಿದ ಎಲೆ, ತುಂಬುತ್ತಿದ್ದವರು ತಿರುಗಿ ನೋಡಿದರು.

"ಅಲ್ಲೇ ಯಾಕೆ ನಿಂತಿರಿ? ಒಲೆ ಅಲ್ಲಿಗೆ ಬರ್ತಿಲ್ಲೆ. ನೀವೇ ಒಳಗೆ ಬನ್ನಿ."

ಹೊಸ್ತಿಲು ದಾಟಿದೆ. ಅವರು ಮಣೆ ಸರಿಸಿದರು. ಒಲೆಯ ಮುಂದೆ ಕೂತೆ.

ಮೂರು ತಾಸು ಉಜ್ಜಿದೆ. ಕಾದ ಮಣ್ಣಿಗೆ ಗಂಟು ತಾಗಿದಾಗಲೆಲ್ಲ ಚುಂಯ್ ಎಂದು ಹೊಗೆ ಏಳುತ್ತಿತ್ತು. ಕೆಂಪು ಬಣ್ಣ ಮೊದಲು ಕಂದಾಯಿತು, ಆಮೇಲೆ ನಿಧಾನವಾಗಿ ಕಪ್ಪಿನ ಕಡೆ ಹೊರಳಿತು. ಎಡಗಡೆ ಉರಿ ಜಾಸ್ತಿ, ತುದಿಯಲ್ಲಿ ಕಡಿಮೆ ಎಂಬುದೆಲ್ಲ ಕೈಗೇ ತಿಳಿಯತೊಡಗಿತು. ಹೊಗೆಗೆ ಕಣ್ಣು ಉರಿದವು, ತೋಳು ಬಿದ್ದುಹೋಗುವ ಹಾಗಾಯಿತು, ಆದರೆ ಬಿಟ್ಟೇಳುವ ಮನಸ್ಸಾಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪರೀಕ್ಷೆ ಬರೆಸುವವನಿಗೆ ಅದು ಪರೀಕ್ಷೆ ಬರೆಯುವ ಸರದಿ.

ಸಂಜೆಯ ಮೊದಲು ಅತ್ತೆ ಕೋಲು ಹಿಡಿದು ಮೊದಲ ಹಾಳೆ ತೊಡೆದರು. ಹರಿಯಿತು. ಎರಡನೆಯದು ನಡುವೆ ತೂತಾಯಿತು. ಮೂರು, ನಾಲ್ಕು, ಐದು, ಎಲ್ಲ ಅಂಚಿನಲ್ಲಿ ಎದ್ದು ನಡುವೆ ಅಂಟಿದವು. ಆದರೆ ಸಾಬೂನಿನ ರುಚಿ ಇರಲಿಲ್ಲ. ಆರನೆಯದು ಹರಿದಾಗ ಅತ್ತೆ ಕೋಲು ಕೆಳಗಿಟ್ಟರು. "ಇದು ನನ್ನ ಗಡಿಗೆ ಹಾಗೆ ಇಲ್ಲ ಈಗ. ಎಲ್ಲಿ ಕಾದಿದೆ, ಎಲ್ಲಿಲ್ಲ, ಗೊತ್ತೇ ಆಗ್ತಿಲ್ಲ" ಎಂದರು. ಆಮೇಲೆ ಕೋಲನ್ನು ನನ್ನ ಕಡೆ ಚಾಚಿದರು. "ಮಧ್ಯಾಹ್ನದಿಂದ ಉಜ್ಜಿದ್ದು ನೀವು. ನಿಮ್ಮ ಕೈಗೆ ಗೊತ್ತಿರುತ್ತೆ. ತೊಡೀರಿ ನೋಡುವ."

ಗಂಟಿನಿಂದ ಒಮ್ಮೆ ಒತ್ತಿ ಉಜ್ಜಿದೆ. ಎಡಗಡೆಯ ಉರಿಯನ್ನು ಹಿಂದಕ್ಕೆಳೆದೆ. ಬಟ್ಟೆಯ ಕೋಲು ಹಿಟ್ಟಿನಲ್ಲಿ ಅದ್ದಿ, ಅವರು ಮಾಡಿದ ಹಾಗೆಯೇ ಬುಡದಿಂದ ತುದಿಗೆ ಒಂದೇ ಉಸಿರಿನಲ್ಲಿ ಎಳೆದೆ. ಹಿಟ್ಟು ಬೆಳ್ಳಗಿದ್ದದ್ದು ಹಳದಿಯಾಯಿತು. ಅಂಚು ಎದ್ದಿತು. ಅದರ ಹಿಂದೆ ನಡುಭಾಗವೂ ತಾನಾಗಿ ಮಣ್ಣು ಬಿಟ್ಟು ಮೇಲೆ ಬಂತು.

"ಎದ್ತು! ಎದ್ತು!" ಅತ್ತೆ ಮಣೆಯಿಂದಲೇ ಎದ್ದುಬಿಟ್ಟರು. "ತೆಗಿ ತಮಾ, ಬೇಗ ತೆಗಿ! ಬಿಸಿ ಇದ್ದಾಗ್ಲೇ ಮಡಚು! ಕೈ ಸುಟ್ರೂ ಅಡ್ಡಿಲ್ಲೆ!"

ಬೆರಳು ಸುಟ್ಟಿತು. ಮಡಚಿದೆ, ಮತ್ತೊಮ್ಮೆ ಮಡಚಿದೆ. ಹರಿಯದ, ತೂತಿಲ್ಲದ, ತ್ರಿಕೋನದ ಒಂದು ತೊಡದೇವು ನನ್ನ ಅಂಗೈ ಮೇಲಿತ್ತು. ವಿನುತಾ ಚಪ್ಪಾಳೆ ತಟ್ಟಿದಳು. ಮಾವ ಬಾಗಿಲಲ್ಲಿ ನಿಂತು "ಭೇಷ್!" ಎಂದರು. ನನಗೆ ಕೇಳಿದ್ದು ಮಾತ್ರ 'ತಮಾ' ಎಂಬುದೊಂದೇ. ನನ್ನನ್ನು ತಮ್ಮಾ ಎಂದು ಕರೆಯುವವಳು ಅಲ್ಲಿಯತನಕ ಲೋಕದಲ್ಲಿ ಅವ್ವ ಒಬ್ಬಳೇ ಇದ್ದಳು. ಪುಸ್ತಕದ ಕನ್ನಡ ಆ ಒಲೆಗೆ ಬಿದ್ದು ಹೋಯಿತು. ಅತ್ತೆ ನನ್ನ ಜೊತೆ ಮತ್ತೆ ಅದನ್ನು ಆಡಲಿಲ್ಲ. ಕತ್ತಲಾಗುವುದರೊಳಗೆ ಡಬ್ಬಿಗಳು ಅರ್ಧ ತುಂಬಿದವು, ಭಾನುವಾರ ಬೆಳಿಗ್ಗೆ ಉಳಿದರ್ಧ ತುಂಬಿದವು.

ನೆಂಟರು ಬಂದರು. ಅಂಗಳದ ತುಂಬ ಮಕ್ಕಳು, ಜಗುಲಿಯ ತುಂಬ ಚಪ್ಪಲಿ. ಯಲ್ಲಾಪುರದ ದೊಡ್ಡಮ್ಮ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ನಾನು ಮೊನ್ನೆಯವರೆಗೆ ಕೂತಿದ್ದ ಕುರ್ಚಿಯಲ್ಲಿ ಕೂತರು. ಅತ್ತೆ ತಟ್ಟೆ ತಂದು ಮುಂದಿಟ್ಟರು. ದೊಡ್ಡಮ್ಮ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದರು, ಮುರಿದರು, ತಿಂದರು. ಇನ್ನೊಂದು ತೆಗೆದುಕೊಂಡರು. ಮೂರನೆಯದಕ್ಕೆ ಬಾಯಿಬಿಟ್ಟರು.

"ಈ ಸಲದ್ದು ಬೇರೆ ಥರ ಇದ್ದಲೆ. ಘಮ್ ಹೇಳಿ ಬತ್ತು. ಎಂತ ಹಾಕಿದ್ಯೆ?"

ಜಗುಲಿಯಲ್ಲಿದ್ದವರೆಲ್ಲ ತಿರುಗಿದರು. ನಾನು ಗಡಿಗೆ ತೊಳೆದ ಕಥೆಯನ್ನು ಅತ್ತೆ ಹೇಳಿದ್ದರೆ ನಗೆಗೆ ಕೊನೆಯಿರುತ್ತಿರಲಿಲ್ಲ. ಅವರು ಸೆರಗು ಸರಿಪಡಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಹಾನಗಲ್ಲಿಂದ ಎಂಗಳ ಬೀಗಿತ್ತಿ ಕಳ್ಸಿದ್ ಶೇಂಗಾ. ಗಡಿಗೆಗೆ ಅದನ್ನೇ ಉಜ್ಜಿದ್ದು. ತೊಡದ್ದು ಅಳಿಯ."

"ಅಳಿಯನ? ಒಲೆ ಮುಂದೆ ಕೂತು?"

"ಮತ್ತೆ? ಹಿಂದೆ ಕೂತು ತೊಡೆಯಲೆ ಬತ್ತಿಲ್ಲೆ."

ಇಡೀ ಜಗುಲಿ ಗೊಳ್ಳೆಂದು ನಕ್ಕಿತು. ದೊಡ್ಡಮ್ಮನೂ ನಕ್ಕರು. ನಕ್ಕು ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಶೇಂಗಾವನ್ನು ಎಷ್ಟು ಹುರಿಯಬೇಕು ಎಂದು ವಿವರವಾಗಿ ಕೇಳಿದರು. ಸಂಜೆ ಹೊರಡುವಾಗ ಡಬ್ಬಿಯ ಜೊತೆ ಒಂದು ಮುಷ್ಟಿ ಶೇಂಗಾ ಸೆರಗಿನಲ್ಲಿ ಕಟ್ಟಿಕೊಂಡೇ ಹೋದರು.

ನಾವು ಹೊರಟ ದಿನ ಅತ್ತೆ ಎಲ್ಲಕ್ಕಿಂತ ದೊಡ್ಡ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ಇದು ನಿನ್ನ ಅವ್ವಂಗೆ. ದಾರಿ ಮೇಲೆ ಮುಟ್ಟಡ. ಬಪ್ಪ ವರ್ಷ ಅವ್ರನ್ನೂ ಕರ್ಕಂಡೇ ಬಾ" ಎಂದರು. ಆಮೇಲೆ ವಿನುತಾಳ ಕೈಚೀಲ ತೆರೆಸಿ, ಲಿಂಬೆ ಸಾಬೂನು ಒಳಗಿದೆಯೇ ಎಂದು ಖಾತ್ರಿ ಮಾಡಿಕೊಂಡರು. ಈಗಲೂ ನಾನು ಆ ಮನೆಗೆ ಹೋದರೆ ಬಚ್ಚಲಿನಲ್ಲಿ ಸಾಬೂನು ಇರುವುದಿಲ್ಲ, ಕೇಳಿ ಪಡೆಯಬೇಕು.

ಅವ್ವ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು. ಎರಡು ವರ್ಷ 'ಆ ಮಂದಿ' ಎನ್ನುತ್ತಿದ್ದವಳು ಒಂದೊಂದೇ ಹಾಳೆಯನ್ನು ಎಲೆಯ ಮೇಲಿಟ್ಟುಕೊಂಡು ಓಣಿಯ ಮನೆಮನೆಗೂ ಹೋದಳು. "ನಮ್ಮ ಬೀಗರ ಮನೀದು. ಗಡಿಗಿ ಮ್ಯಾಲ ಮಾಡ್ತಾರ. ನನ್ನ ಮಗ ಮಾಡ್ಯಾನ" ಎಂದು ಪ್ರತಿ ಬಾಗಿಲಲ್ಲೂ ಮೂರೂ ಮಾತನ್ನು ತಪ್ಪದೆ ಹೇಳಿದಳು. ಡಬ್ಬಿ ಒಂದೇ ದಿನದಲ್ಲಿ ಖಾಲಿಯಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಕೂತು ಅದಕ್ಕೆ ಶೇಂಗಾ ತುಂಬುತ್ತಿದ್ದಳು. ಮತ್ತೆ ಅಲ್ಲಿಗೆ ಹೋಗಲು ಇನ್ನೂ ತಿಂಗಳುಗಟ್ಟಲೆ ಇದೆಯಲ್ಲ, ಈಗಲೇ ಯಾಕೆ ಎಂದೆ.

"ಖಾಲಿ ಡಬ್ಬಿ ಹೆಂಗ ಇಟಗೊಂಡು ಕುಂದ್ರೂದೋ ತಮ್ಮಾ?" ಎಂದಳು. "ಬೀಗಿತ್ತಿ ಡಬ್ಬಿ ಅದು."

ಆರು ವರ್ಷವಾಯಿತು. ಆ ಡಬ್ಬಿಯ ಬಣ್ಣ ಹೋಗಿದೆ, ಮುಚ್ಚಳ ಸೊಟ್ಟಗಾಗಿದೆ. ಹೋಗುವಾಗ ಶೇಂಗಾ, ಬರುವಾಗ ತೊಡದೇವು. ಎರಡು ಮನೆಯಲ್ಲಿ ಯಾವ ಮನೆಯಲ್ಲೂ ಅದು ಒಂದು ದಿನವೂ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ.